ಬೆನ್ನಿಗೆ ಬಿಗಿದ ಗಂಟು

ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ ಎನ್ನುವುದು ನನ್ನ ಹಳೆಯ ಚಿಂತೆ. ಚಾಮರಾಜನಗರದ ಕಾಲೇಜಿನಿಂದ ಬಸ್ಸಿನಲ್ಲಿ ವಾಪಸು ಬರುವಾಗ 'ಇಳೀಬೇಕು' ಅಂದದ್ದು ಕಂಡಕ್ಟರಿಗೆ ಕೇಳದೆ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದದ್ದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಶನಿವಾರ ನಸುಕಿನಲ್ಲಿ ತೊಟ್ಟಿಲುಬಂಡೆ ಹತ್ತುವಾಗ ನನಗಿದ್ದ ಭಯ ಬಂಡೆಯದಲ್ಲ. ಮೇಲೆ ಕರಿಯಮ್ಮ ಎನ್ನುವವರು ಇರುತ್ತಾರೆ. ಅವರನ್ನು ಅಕ್ಕ ಅನ್ನಬೇಕೋ ಅಮ್ಮ ಅನ್ನಬೇಕೋ, ಅಂದರೂ ಅವರಿಗೆ ಕೇಳಿಸುತ್ತದೋ ಇಲ್ಲವೋ. ಇಷ್ಟೇ ನನ್ನ ಭಯ.

ಎರಡೂ ಅನ್ನುವ ಅಗತ್ಯ ಬೀಳುವುದಿಲ್ಲ. ನನ್ನ ಚಪ್ಪಲಿ ಸದ್ದು ಕೇಳಿದ ಕೂಡಲೇ ಅವರು ತಿರುಗಿಯೂ ನೋಡದೆ, "ಮಾತಾಡ್ಬ್ಯಾಡ ಈಗ. ಅಲ್ಲೇ ಕುಂತ್ಕೊ" ಅನ್ನುತ್ತಾರೆ.

ಕುಳಿತುಕೊಳ್ಳುತ್ತೇನೆ. ಬಂಡೆಯ ನೆತ್ತಿಯಲ್ಲಿ ಒಂದು ಬಸರಿ ಮರ. ಮರದ ಬುಡಕ್ಕೆ ಎರಡು ಸುತ್ತು ಬಂದ ದಪ್ಪ ಹಗ್ಗ, ಲಾರಿಗೆ ಸರಕು ಬಿಗಿಯುವಂಥದ್ದು. ಹಗ್ಗದ ಈ ಕಡೆ ಕರಿಯಮ್ಮ. ಬೇರಿಗೆ ಎರಡೂ ಪಾದ ಒತ್ತಿ, ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಅಂಗೈಗೆ ಗೋಣಿಚೀಲದ ತುಂಡು ಸುತ್ತಿಕೊಂಡು ಕುಳಿತಿದ್ದಾರೆ. ಹಗ್ಗದ ಆ ಕಡೆ, ಬಂಡೆಯ ಉಬ್ಬು ದಾಟಿ, ಅಂಚಿನ ಕೆಳಗೆ, ಮಂಜಿನಲ್ಲಿ ಅವರ ಗಂಡ ಚಿಕ್ಕಸಿದ್ದ ಜೋತಾಡುತ್ತಿದ್ದಾರೆ. ಬಂಡೆಯ ಹೊಟ್ಟೆಯಲ್ಲಿ ತೊಟ್ಟಿಲಿನ ಹಾಗೆ ಒಂದು ಪೊಟರೆ ಇದೆ. ಹೆಜ್ಜೇನು ಕಟ್ಟುವುದು ಅಲ್ಲಿ. ಹಸಿ ಸೊಪ್ಪಿನ ಹೊಗೆ ಹಾಕಿ, ಗಳುವಿನ ತುದಿಯ ಕತ್ತಿಯಿಂದ ಹುಟ್ಟು ಕೊಯ್ದು ಡಬ್ಬಕ್ಕೆ ಬೀಳಿಸುತ್ತಾರೆ. ಉಬ್ಬು ಅಡ್ಡ ಬರುವುದರಿಂದ ಗಂಡ ಹೆಂಡತಿಗೆ ಕಾಣುವುದಿಲ್ಲ, ಹೆಂಡತಿ ಗಂಡನಿಗೆ ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಹಗ್ಗ, ಆಮೇಲೆ ಒಂದು ಮಾತು.

ನಾನು ಬರುವ ಮುಂಚೆ ಆ ಮಾತು ಆಗಿ ಹೋಗಿತ್ತು. ಎರಡನೇ ಸಲ ಇಳಿಯುವಾಗ ಕೇಳಿಸಿಕೊಂಡೆ. ಅಂಚಿಗೆ ಹೋಗಿ ನಿಂತ ಚಿಕ್ಕಸಿದ್ದ ಹಿಂತಿರುಗದೆ ಕೂಗುತ್ತಾರೆ, "ಇದ್ದಿಯಾ?"

ಕರಿಯಮ್ಮ ಹಗ್ಗವನ್ನೊಮ್ಮೆ ಜಗ್ಗಿ ನೋಡಿ, ಪಾದ ಒತ್ತಿ, ಆಮೇಲೆ ಅನ್ನುತ್ತಾರೆ, "ಇವ್ನಿ."

ಇದ್ದೀನಿ ಅಂತ. ಈ ಒಂದು ಮಾತು ಬಾರದೆ ಇಲ್ಲಿ ಯಾರೂ ಕಾಲು ಕೆಳಗಿಡುವುದಿಲ್ಲ. ಚಿಕ್ಕಸಿದ್ದನವರ ಅಪ್ಪನ ಕಾಲದಿಂದ ಹಾಗೇ.

ನನ್ನನ್ನು ಕಳಿಸಿರುವುದು ಚಿಕ್ಕಸಿದ್ದನವರ ಬಗ್ಗೆ ಬರೆಯಲಿಕ್ಕೆ. ಪತ್ರಿಕೆಯ ಪುರವಣಿಯವರು ತಲೆಬರಹವನ್ನೂ ಮೊದಲೇ ಇಟ್ಟುಕೊಂಡಿದ್ದಾರೆ: ಬರಿಗೈ ಸಾಹಸಿ. ಭಾನುವಾರ ಮೈಸೂರಿನಿಂದ ಬೆಟ್ಟ ಹತ್ತುವವರ ಒಂದು ತಂಡ ಬರುತ್ತದೆ. ಚಿಕ್ಕಸಿದ್ದ ಹಗ್ಗವಿಲ್ಲದೆ ಬರಿಗೈಯಲ್ಲಿ ತೊಟ್ಟಿಲವರೆಗೆ ಇಳಿದು, ಹಾಗೇ ಹತ್ತಿ ಬರುತ್ತಾರೆ. ತಂಡ ಅದನ್ನು ಚಿತ್ರೀಕರಿಸುತ್ತದೆ. ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಚಿಕ್ಕಸಿದ್ದ ಬಂಡೆಯಲ್ಲಿ ಜೋತಾಡುವ ಫೋಟೊ ಈಗಾಗಲೇ ಎಷ್ಟೋ ಜನರ ಫೋನಿನಲ್ಲಿದೆ. ಎಲ್ಲದರಲ್ಲೂ ಹಗ್ಗ ಚಿತ್ರದ ಮೇಲಂಚಿಗೆ ಹೋಗಿ ತುಂಡಾಗುತ್ತದೆ. ಅದರ ಮೇಲ್ತುದಿಯಲ್ಲಿ ಯಾರಿದ್ದಾರೆ ಎಂದು ಒಬ್ಬರೂ ಕೇಳಿದ್ದು ನನಗೆ ಗೊತ್ತಿಲ್ಲ. ನಾನು ಕೇಳಿದರೆ ಕರಿಯಮ್ಮನಿಗೆ ನಗು.

"ನನ್ ಪೇಟಿ ತಕಳಕ್ ಬಂದಿದ್ದೀಯಾ?" ಸಂದರ್ಶನಕ್ಕೆ ಗಡಿಯಾಚೆಯ ಈ ತಾಳವಾಡಿ ಕಡೆ ಎಲ್ಲರೂ ಅನ್ನುವ ತಮಿಳು ಮಾತು ಅದು. "ನಾ ಏನ್ ಮಾಡ್ತಿನಿ ಅಂತ ಪೇಟಿ? ಕುಂತ್ಕಂಡಿರ್ತಿನಿ ಅಷ್ಟೇಯ."

ಕುಂತ್ಕಂಡಿರುವುದು ಅಷ್ಟು ಸುಲಭವಿಲ್ಲ. ಕೆಳಗೆ ಗಂಡ ಪಕ್ಕಕ್ಕೆ ತೂಗಿದರೆ ಇಲ್ಲಿ ಅವರ ಭುಜ ಕಿತ್ತುಕೊಂಡು ಹೋದಂತೆ ಬಿಗಿಯುತ್ತದೆ. ಜೇನು ಎದ್ದರೆ ಅವರ ಮೇಲೂ ಬರುತ್ತದೆ. ಕೆಳಗಿದ್ದವನು ಕೈ ಬೀಸಬಹುದು, ಹಗ್ಗ ಹಿಡಿದವರು ಬೀಸುವಂತಿಲ್ಲ. ಎಡಗಣ್ಣಿನ ರೆಪ್ಪೆ ಊದಿಕೊಂಡೇ ಇದೆ. ಕೇಳಿದರೆ, "ನಿನ್ನೆ ಒಂದು ಮುತ್ತು ಕೊಡ್ತು" ಅನ್ನುತ್ತಾರೆ. ಇಷ್ಟಾಗಿ ಬಿಸಿಲೇರುವ ಮೊದಲು ಇಳಿದು ಹೋಗಿ ಬಿಳಿಗಿರಿ ಎನ್ನುವವರ ತೋಟದಲ್ಲಿ ಕೋಸಿಗೆ ಕಳೆ ತೆಗೆಯಬೇಕು. ಅದು ಅವರ ಕೂಲಿ ಕೆಲಸ. ಇದಕ್ಕೆ ಅವರು ಕೆಲಸ ಅನ್ನುವುದಿಲ್ಲ. ಇದಕ್ಕೆ ಅವರು ಏನೂ ಅನ್ನುವುದಿಲ್ಲ.

ಹಗ್ಗ ಹಿಡಿಯುವುದು ಹೆಂಗಸರ ಪಾಲಿನದಾಗಿರಲಿಲ್ಲ. ಅದು ಇಳಿಯುವವನ ಹೆಂಡತಿಯ ಅಣ್ಣನದು, ಇಲ್ಲವೇ ತಮ್ಮನದು. ಯಾಕೆ ಎಂದು ಕೇಳುತ್ತೇನೆ.

"ಸ್ವಂತ ಅಣ್ಣತಮ್ಮಂದ್ರು ಇಡುದ್ರೆ, ಅವ್ರಿಗೆ ಒಂದ್ ಕಣ್ಣು ಅಗ್ಗದ್ ಮ್ಯಾಲೆ, ಒಂದ್ ಕಣ್ಣು ಪಾಲಿನ್ ಮ್ಯಾಲೆ. ಎಂಡ್ತಿ ಒಡುಟ್ದವನು ಅಂಗಲ್ಲ ಕಣವ್ವ. ಅವ್ನು ಇಡಿಯಾದು ಬಾವನ್ನಲ್ಲ, ಅಕ್ಕನ ತಾಳಿಯ."

ಕರಿಯಮ್ಮನ ತಮ್ಮ ಮುರುಗೇಶ. ಮದುವೆಯಾದಾಗಿನಿಂದ ಚಿಕ್ಕಸಿದ್ದನ ಹಗ್ಗ ಹಿಡಿದವನು ಅವನೇ. ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನೆ, ಹಬ್ಬಕ್ಕೂ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದನ್ನು ಕರಿಯಮ್ಮ ಹಗ್ಗ ಸುತ್ತಿಡುತ್ತಾ ಹೇಳುತ್ತಾರೆ. ದನಿ ಏರುವುದಿಲ್ಲ. ಆದರೆ ಒಂದೊಂದು ಸುತ್ತನ್ನೂ ಬಂಡೆಗೆ ಹೊಡೆದಂತೆ ಹಾಕುತ್ತಾರೆ.

"ಅವತ್ತು ಅಗ್ಗ ಸಾಲ್ದೆ ಓಯ್ತು. ಜೇನು ಇನ್ನೊಂದ್ ಮಾರು ಆಚ್ಗೆ ಇತ್ತು. ಮೇಲಕ್ ಬಂದು ಜಾಗ ಬದ್ಲಾಯ್ಸಿ ಇಳೀಬೋದಿತ್ತು. ಈ ಮನ್ಸ ಅಲ್ಲೇ ಅಗ್ಗ ಬಿಚ್ಬುಟ್ಟ. ಬಿಚ್ತಿನಿ ಅಂತ ಒಂದ್ ಮಾತು ಏಳ್ನಿಲ್ಲ. ಬಂಡೆ ಇಡ್ಕಂಡು ಅಲ್ಲಿಂದ ತಡ್ಕಂಡ್ ತಡ್ಕಂಡು ಓದ. ಮೇಲೆ ನನ್ ತಮ್ಮನ ಕೈಲಿ ಅಗ್ಗ ಅಗುರಾಯ್ತು. ಕೂಗ್ದ. ಗಾಳಿ. ಎಳುದ್ರೆ ಬರೀ ಅಗ್ಗ ಬಂತು ಕಣವ್ವ."

ಮುರುಗೇಶ ಆ ಬರೀ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅಕ್ಕನ ಮನೆ ಬಾಗಿಲಿಗೆ ಬಂದ. ಬಾವ ಹೋದ ಅಂದ.

"ಊರೇ ಸೇರ್ತು. ಗಂಡಸ್ರೆಲ್ಲ ಎಣ ಉಡ್ಕಕ್ಕೆ ಬಂಡೆ ಬುಡುಕ್ ಓಗವ್ರೆ. ನಾನು ಎದೆ ಬಡ್ಕಂಡ್ ಬಿದ್ದಿವ್ನಿ. ಈವಯ್ಯ ಇನ್ನೊಂದ್ ದಾರೀಲಿ ಜೇನ್ ಡಬ್ಬ ಒತ್ಕಂಡ್ ಬಂದು, ಬಾಗ್ಲಲ್ ನಿಂತ್ಕಂಡು, 'ಯಾರ್ ಸತ್ರು?' ಅಂದ."

ನನಗೆ ನಗು ತಡೆಯಲಾಗುವುದಿಲ್ಲ. ಅವರಿಗೂ ಬರುತ್ತದೆ, ಬಂದ ಹಾಗೇ ಹೋಗುತ್ತದೆ.

"ನಾನು ಅಳಾದ್ ಬುಟ್ಟು ಪೊರಕೆ ತಕಂಡೆ. ನನ್ ತಮ್ಮ ಮಾತ್ರ ಮಾತೇ ಆಡ್ನಿಲ್ಲ. ಅವ್ನ ಪಾಲ್ಗೆ ಬಾವ ಸತ್ತೇ ಓಗಿದ್ದ. ಬದುಕಿ ಬಂದೋನ ಮಕ ನೋಡಕ್ ಆಗ್ನಿಲ್ಲ ಅವ್ನಿಗೆ. ಅಗ್ಗ ಮೂಲೇಗ್ ಎಸುದ್ಬುಟ್ಟು ಬಸ್ ಅತ್ತುದ. ಈಗ್ಲೂ ಫೋನ್ ಮಾಡುದ್ರೆ ಮೊದ್ಲು ಕೇಳಾದು ಅಗ್ಗ ಮನೇಲಿ ಅದಾ ಅಂತ. ಅಕ್ಕ ಚಂದಾಗಿದ್ಯಾ ಅಂತ ಆಮೇಲೆ."

ಹಾಗೆ ಮೂಲೆಗೆ ಬಿದ್ದ ಹಗ್ಗವನ್ನು ಮುಂದಿನ ಜೇನುಗಾಲದಲ್ಲಿ ಕರಿಯಮ್ಮ ಎತ್ತಿಕೊಂಡರು. ಊರಿನಲ್ಲಿ ಮಾತು ಬಾರದೇ ಇರುತ್ತದೆಯೇ? ಹಿರಿಯರಾದ ಶಿವಮಲ್ಲಮ್ಮ ಮನೆಗೇ ಬಂದು, ಹೆಂಗಸು ಹಗ್ಗ ಮುಟ್ಟಿದರೆ ಜೇನು ಬಂಡೆ ಬಿಟ್ಟು ಎದ್ದು ಹೋಗುತ್ತದೆ ಎಂದರಂತೆ. "ಎದ್ದೋದ್ರೆ ಒಳ್ಳೇದೇ ಆಯ್ತು ಕಣತ್ತೆ, ಈ ಮನ್ಸ ಮನೇಲಿ ಬಿದ್ದಿರ್ತನೆ ಅಂದೆ. ಜೇನು ಎಲ್ಲೂ ಓಗ್ನಿಲ್ಲ. ಅವುಕ್ಕೂ ನನ್ ಮ್ಯಾಲೆ ಕರುಣೆ ಇಲ್ಲ."

ಹಗ್ಗ ಹಿಡಿದ ಮೇಲೆ ಕರಿಯಮ್ಮ ಒಂದನ್ನು ಬದಲಿಸಿದರು. ಮುಂಚೆ ಗಂಟು ಹೊಟ್ಟೆಯ ಮೇಲೆ ಇರುತ್ತಿತ್ತು, ಇಳಿಯುವವನೇ ಕಟ್ಟಿಕೊಳ್ಳುತ್ತಿದ್ದ. ಈಗ ಅವರು ಕಟ್ಟುತ್ತಾರೆ, ಬೆನ್ನಿನ ಮೇಲೆ, ಎರಡು ಹೆಗಲಮೂಳೆಗಳ ನಡುವೆ, ಚಿಕ್ಕಸಿದ್ದನ ಯಾವ ಕೈಯೂ ಎಟುಕದ ಕಡೆ. ಶನಿವಾರ ಅದನ್ನು ಕಟ್ಟುವುದನ್ನು ಹತ್ತಿರದಿಂದ ನೋಡಿದೆ. ಮೊಣಕಾಲನ್ನು ಗಂಡನ ಸೊಂಟಕ್ಕೆ ಕೊಟ್ಟು, ಹಲ್ಲು ಕಚ್ಚಿ ಬಿಗಿಯುತ್ತಾರೆ. ಚಿಕ್ಕಸಿದ್ದ, "ದನ ಕಟ್ದಂಗ್ ಕಟ್ತಿಯಲ್ಲ ಮೇ" ಅನ್ನುತ್ತಾರೆ. "ದನಕ್ಕೆ ಇಷ್ಟ್ ಬಿಗಿಯಾಗ್ ಕಟ್ಟಾದಿಲ್ಲ. ಅದುಕ್ಕೆ ಬುದ್ಧಿ ಅದ" ಅನ್ನುತ್ತಾರೆ ಇವರು.

ಚಿಕ್ಕಸಿದ್ದ ಸಣಕಲು ಆಳು. ನೆಲದ ಮೇಲೆ ನಡೆಯುವಾಗ ಏನೋ ಕಳೆದುಕೊಂಡವರ ಹಾಗೆ ನಡೆಯುತ್ತಾರೆ. ಜೇನುಗಾಲ ಮುಗಿದರೆ ಕೂಲಿಗೆ ಹೋಗುತ್ತಾರೆ. ಹೋದಲ್ಲಿ ಗುದ್ದಲಿ ಊರಿ ಬಂಡೆ ನೋಡುತ್ತಾ ನಿಲ್ಲುತ್ತಾರೆ. "ಉಣ್ಣಕ್ ಕುಂತ್ರೂ ಬಂಡೆ ಕಡೇಕ್ ಮಕ ಮಾಡ್ಕಂಡ್ ಕುಂತ್ಕತನೆ" ಎಂದು ಕರಿಯಮ್ಮ ದೂರುತ್ತಾರೆ. "ಅದುನ್ನೇ ಕಟ್ಕಬೇಕಾಗಿತ್ತು. ದುಡ್ಡಿನ್ ಆಸೇಗಾದ್ರೆ ಬಯ್ಬೋದು. ಆ ಆಸೇನೂ ಇಲ್ಲ ಈ ಮನ್ಸುಂಗೆ. ಬಯ್ಯದೆಂಗೆ?"

ಯಾಕೆ ಹೋಗುತ್ತೀರಿ ಎಂದು ಚಿಕ್ಕಸಿದ್ದನವರನ್ನು ನಾನು ಎರಡು ಸಲ ಕೇಳಬೇಕಾಗುತ್ತದೆ. ಮೊದಲನೆಯದು ಅವರಿಗೆ ಕೇಳಿಸಲಿಲ್ಲ.

"ಕೆಳಗಿದ್ರೆ ತಲೆ ತುಂಬ ನೊಣ ಗುಂಯ್ ಅಂದಂಗ್ ಆಯ್ತದ ಕಣವ್ವ. ಅಗ್ಗದ್ ಮ್ಯಾಲ್ ಇಳುದ್ರೆ ಅಷ್ಟೊಂದ್ ಜೇನು ಸುತ್ಕಂಡಿದ್ರೂವೆ ಒಂದ್ ಸದ್ದಿಲ್ಲ. ಆ ಸದ್ದಿಲ್ದೇ ಇರಾದು ಎಲ್ಲೂ ಸಿಕ್ಕಾದಿಲ್ಲ. ಅವತ್ತು ಅಗ್ಗ ಬಿಚ್ದಾಗ ಇದ್ದಂಗೆ ಆಮೇಲ್ ಇಲ್ವೇ ಇಲ್ಲ."

ಕೊನೆಯ ಮಾತನ್ನು ಹೆಂಡತಿಗೆ ಕೇಳದಂತೆ ಹೇಳುತ್ತಾರೆ.

ಶನಿವಾರ ಮಧ್ಯಾಹ್ನ ಮೈಸೂರಿನ ತಂಡ ಬರುತ್ತದೆ. ಅದರ ಮುಂದಾಳು ಮಹದೇವಪ್ರಸಾದ್. ಒರಟರಲ್ಲ. ಕರಿಯಮ್ಮನಿಗೆ ಕೈ ಮುಗಿಯುತ್ತಾರೆ, ಅವರು ಕೊಟ್ಟ ಟೀ ಕುಡಿದು ಲೋಟವನ್ನು ತಾವೇ ತೊಳೆಯುತ್ತಾರೆ. ಲೋಟ ಹಿಡಿದ ಕೈಯಲ್ಲಿ ಎರಡು ಬೆರಳಿನ ತುದಿಯಿಲ್ಲ. ಹಿಮಾಲಯದ ಚಳಿ ತಿಂದುಕೊಂಡಿದೆ. ಮತ್ತೆ ಹೋಗುತ್ತೀರಾ ಎಂದರೆ, ಹೋಗದೆ ಇರಲು ಆಗುವುದಿಲ್ಲ ಎನ್ನುತ್ತಾರೆ. "ಊರಲ್ಲಿದ್ದರೆ ನಿದ್ದೆ ಬರಲ್ಲ. ಹೆಂಡತಿ ಮಾತಾಡ್ತಿದ್ದರೆ ನಾನು ಮುಂದಿನ ಬೆಟ್ಟದ ಹವಾಮಾನ ಯೋಚನೆ ಮಾಡ್ತಿರ್ತೀನಿ. ಮೇಲೆ ಹೋದರೆ ತಲೆ ಶಾಂತ." ಚಿಕ್ಕಸಿದ್ದ ಇದನ್ನು ಕೇಳಿ, ಬಹಳ ದಿನ ಕಾಣದ ನೆಂಟನನ್ನು ಕಂಡಂತೆ ನೋಡುತ್ತಾರೆ.

ಮಹದೇವಪ್ರಸಾದ್ ತಮ್ಮ ಗೆಳೆಯ ಚಂದ್ರುವಿನ ವಿಷಯ ಹೇಳುತ್ತಾರೆ. ಹಿಮದ ಇಳಿಜಾರಿನಲ್ಲಿ ಜಾರಿ ಹೋದವನು, ದೇಹವೂ ಸಿಗಲಿಲ್ಲ. "ಆದರೆ ಇಷ್ಟಪಟ್ಟ ಜಾಗದಲ್ಲೇ ಹೋದ."

ಒಲೆ ಮುಂದೆ ಕುಳಿತಿದ್ದ ಕರಿಯಮ್ಮ ತಲೆ ಎತ್ತುತ್ತಾರೆ. "ಅವ್ನ ಅವ್ವನ ಕೇಳಿದ್ರಾ ಸಾಮಿ, ಆ ಜಾಗ ಅವ್ಳಿಗೂ ಇಷ್ಟವಾ ಅಂತ?"

ಮಹದೇವಪ್ರಸಾದ್ ಲೋಟ ತೊಳೆಯಲು ಎದ್ದದ್ದು ಆಗಲೇ.

ನನಗೆ ಸಿಟ್ಟು ಬಂದದ್ದೂ ಆಗಲೇ. ಬಂದದ್ದು ಈವರೆಗೂ ಇಳಿದಿಲ್ಲ. ಬೆಟ್ಟ ಹತ್ತುವವರ ಧೈರ್ಯದ ಬಗ್ಗೆ ನಾವು ಎಷ್ಟು ಬರೆದಿದ್ದೇವೆ. ಸಾವಿನ ಜೊತೆ ಸರಸ, ಎತ್ತರದ ಕರೆ, ಮಣಿಯದ ಛಲ. ಮನೆಯಲ್ಲಿ ಕೂತವರು ಮಣಿದದ್ದನ್ನು ಯಾರು ಬರೆದರು? ಆ ಶಾಂತಿ ಬೇಕು, ಸದ್ದಿಲ್ಲದ ಜಾಗ ಬೇಕು. ಸರಿ, ಇಟ್ಟುಕೊಳ್ಳಿ. ಆದರೆ ನಿಮ್ಮ ತಲೆಯೊಳಗಿನ ನೊಣವೆಲ್ಲ ಎದ್ದು ಹೋಗಿ ಕೂರುವುದು ಎಲ್ಲಿ? ತಿರುಪ್ಪೂರಿನ ಹೊಲಿಗೆ ಮಿಷನ್ ಮುಂದೆ ಕುಳಿತ ಮುರುಗೇಶನ ತಲೆಯೊಳಗೆ. ಹಗ್ಗ ಬಿಚ್ಚಿದವನು ಮನೆಗೆ ಬಂದು ಉಂಡು ಮಲಗಿದ. ಬರೀ ಹಗ್ಗ ಎಳೆದುಕೊಂಡವನು ಇಂದಿಗೂ ಎಳೆದುಕೊಳ್ಳುತ್ತಲೇ ಇದ್ದಾನೆ.

ಸಂಜೆ ಗಂಡ ಹೆಂಡಿರ ಮಾತು ಜಗುಲಿಯಲ್ಲಿ ಕುಳಿತ ನನಗೂ ಕೇಳಿಸುತ್ತದೆ. ಗುಟ್ಟಿನದೇನೂ ಅಲ್ಲ.

"ಓಗು. ಬ್ಯಾಡ ಅಂದ್ರೆ ನಿಂತ್ಕತಿಯಾ? ಆದ್ರೆ ಅಗ್ಗ ಇಲ್ದ ಮ್ಯಾಲೆ ನನ್ನ ಕೇಳ್ಬ್ಯಾಡ."

"ಕೇಳ್ದೆ ಎಂಗ್ ಮೇ ಇಳಿಯಾದು? ಯಾವತ್ತಾರ ಇಳ್ದಿವ್ನಾ?"

"ನಿನ್ ಮೈಸೂರ್ ನೆಂಟ್ರ ಕೇಳು."

"ಒಂದ್ ಮಾತ್ ಅನ್ನಕ್ಕೆ ನಿಂಗೇನ್ ಕಷ್ಟ? ಇವ್ನಿ ಅಂದ್ರಾಯ್ತು."

"ಏನ ಇಡ್ಕಂಡ್ ಇವ್ನಿ ಅನ್ಲಿ?" ಕರಿಯಮ್ಮನ ದನಿ ಮೊದಲ ಸಲ ಏರುತ್ತದೆ. "ಬರಿಗೈಲಿ ಕುಂತ್ಕಂಡು ಇವ್ನಿ ಅಂದ್ರೆ ಅದು ಸುಳ್ಳಾಯ್ತದ ಕಣಯ್ಯ. ನಾನ್ ಇರಾದೇ ಇಲ್ಲ ಅಲ್ಲಿ."

ಆಮೇಲೆ ತಟ್ಟೆಯ ಸದ್ದು. ಚಿಕ್ಕಸಿದ್ದ ಉಣ್ಣುತ್ತಿದ್ದಾರೆ, ಯಾವ ಕಡೆ ಮುಖ ಮಾಡಿಕೊಂಡು ಎಂದು ನಾನು ಇಣುಕಿ ನೋಡುವುದಿಲ್ಲ.

ಆ ರಾತ್ರಿ ಹೊರಡುವ ಮುಂಚೆ ಕರಿಯಮ್ಮನನ್ನು ಕೇಳುತ್ತೇನೆ, ಇಂಥ ಬರಹಗಳ ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ನಿಮಗೇನು ಆಸೆ ಅಂತ. ಈ ಸಲ ಅಕ್ಕ ಅಂತ ಕರೆದೇ ಕೇಳುತ್ತೇನೆ. ಅವರು ಅಂಗೈ ಬಿಚ್ಚಿ ತೋರಿಸುತ್ತಾರೆ. ಹಗ್ಗ ತಿಂದ ಚರ್ಮ ಹಲಸಿನ ಸಿಪ್ಪೆಯ ಹಾಗಿದೆ. "ಜೇನ್ ಬಂದಾಗ ಒಂದ್ ಬೆಳಗ್ಗೆ ಏನೂ ಇಡ್ಕಳ್ದೆ, ಕೈ ಮಡ್ಚಿ ತೊಡೆ ಮ್ಯಾಲ್ ಇಟ್ಕಂಡು ಕುಂತ್ಕಬೇಕು. ಈ ಮನ್ಸ ಪಕ್ಕದಲ್ಲಿ ಇರ್ಬೇಕು. ಮಾತಾಡ್ದಿದ್ರೂ ಆಯ್ತದ."

ಭಾನುವಾರ ಅವರು ಕೈ ಮಡಚಿ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಾರೆ. ಆದರೆ ಇದು ಅವರು ಕೇಳಿದ ಬೆಳಗಲ್ಲ. ಬಸರಿ ಮರದ ಬುಡದಲ್ಲಿ, ಬೇರಿಗೆ ಪಾದ ಒತ್ತಿಕೊಂಡು. ಹಗ್ಗ ಸುತ್ತಿ ಪಕ್ಕಕ್ಕೆ ಇಟ್ಟಿದೆ. ಬರಬೇಡಿ ಎಂದು ತಂಡದವರು ಹೇಳಿದ್ದರೂ ಬಂದಿದ್ದಾರೆ. ಕ್ಯಾಮೆರಾ ಹಿಡಿದ ಹುಡುಗಿ ರಂಜಿತ, "ಅಮ್ಮಾ, ಸ್ವಲ್ಪ ಆ ಕಡೆ ಸರೀತೀರಾ, ಫ್ರೇಮಿಗೆ ಬರ್ತಿದ್ದೀರ" ಅನ್ನುತ್ತಾಳೆ. ಕರಿಯಮ್ಮ ಮರದ ಮರೆಗೆ ಸರಿಯುತ್ತಾರೆ. ಹಗ್ಗದ ರಾಶಿಯೂ ಫ್ರೇಮಿಗೆ ಬರುತ್ತದಂತೆ. ಅದನ್ನೂ ಎಳೆದುಕೊಳ್ಳುತ್ತಾರೆ. ನಾನು ಬಂಡೆಯ ಉಬ್ಬಿನ ಮೇಲೆ ನಿಂತಿದ್ದೇನೆ. ಇಬ್ಬರೂ ಕಾಣುವುದು ಅಲ್ಲಿಂದ ಮಾತ್ರ.

ಚಿಕ್ಕಸಿದ್ದ ಅಂಚಿಗೆ ನಡೆಯುತ್ತಾರೆ. ತಂಡದವರು ಕೊಟ್ಟ ಹೊಸ ಬನಿಯನ್ ಮೈಮೇಲಿದೆ. ಬೆನ್ನು ಬೋಳಾಗಿ ಕಾಣುತ್ತದೆ. ಹಿಂದಿನ ದಿನ ನೋಡಿದ ಗಂಟನ್ನು ನನ್ನ ಕಣ್ಣು ಹುಡುಕುತ್ತಲೇ ಇದೆ. ಕೆಳಗಿನಿಂದ ಮಂಜು ಏಳುತ್ತಿದೆ, ತೊಟ್ಟಿಲಿನ ಕಡೆಯಿಂದ ಜೇನಿನ ಮೊರೆತ. ಮಹದೇವಪ್ರಸಾದ್ ಹೆಬ್ಬೆರಳು ಎತ್ತುತ್ತಾರೆ.

"ಇದ್ದಿಯಾ?"

ಕರಿಯಮ್ಮನಿಗೆ ಕೇಳಿಸಿದೆ. ಕೇಳಿಸಿದ್ದು ಅವರ ಕತ್ತಿನ ನರದಲ್ಲಿ ಕಾಣುತ್ತದೆ. ಪಾದ ಬೇರಿಗೆ ಇನ್ನಷ್ಟು ಒತ್ತುತ್ತದೆ, ಅಭ್ಯಾಸ. ತುಟಿ ಬಿಚ್ಚುವುದಿಲ್ಲ.

"ಇದ್ದಿಯಾ?"

ಗಾಳಿ. ಚಿಕ್ಕಸಿದ್ದ ಹಾಗೇ ನಿಂತಿದ್ದಾರೆ. ಅಂದು ಹಗ್ಗ ಬಿಚ್ಚಿದ ಮನುಷ್ಯ, ಯಾರ ಮಾತೂ ಕೇಳದ ಮನುಷ್ಯ, ಒಂದು ಮಾತಿಗಾಗಿ ನಿಂತಿದ್ದಾರೆ.

"ಇದ್ದಾರೆ ಇದ್ದಾರೆ, ಹೊರಡಿ ಅಣ್ಣ" ಎಂದು ಮಹದೇವಪ್ರಸಾದ್ ಕೂಗುತ್ತಾರೆ. "ಬೆಳಕು ಬದಲಾಗ್ತಿದೆ."

"ಅವ್ಳು ಅಂದ್ಲಾ?"

"ಅಂದರು. ಗಾಳಿಗೆ ನಿಮಗೆ ಕೇಳಲಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು. ಇದೇ ಮನುಷ್ಯ ನಿನ್ನೆ ಲೋಟ ತೊಳೆದಿಟ್ಟರು. ಕೆಟ್ಟವರೆಂದು ಬರೆಯಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಹೆಚ್ಚು ಸಿಟ್ಟು. ಚಿಕ್ಕಸಿದ್ದನ ಒಂದು ಕಾಲು ಅಂಚಿನಿಂದ ಕೆಳಗೆ ಹೋಗಿ ಹಿಡಿತ ಹುಡುಕುತ್ತಿದೆ. ಎರಡೂ ಕೈ ಇನ್ನೂ ಮೇಲಿವೆ. ಹಾಗೆ ಬಗ್ಗಿದವರು ತಲೆ ತಿರುಗಿಸಿ ನೋಡುತ್ತಾರೆ. ಅಲ್ಲಿಂದ ಅವರಿಗೆ ಮರ ಕಾಣುವುದಿಲ್ಲ, ಹೆಂಡತಿ ಕಾಣುವುದಿಲ್ಲ. ಕಾಣುವವಳು ನಾನು.

"ಅಂದ್ಲೇನವ್ವ?"

ಮಹದೇವಪ್ರಸಾದ್ ನನ್ನ ಕಡೆ ನೋಡಿ ಹೂಂ ಅನ್ನುವಂತೆ ತಲೆಯಾಡಿಸುತ್ತಾರೆ. ರಂಜಿತಳ ಕ್ಯಾಮೆರಾ ಓಡುತ್ತಿದೆ. ಪುರವಣಿಯಲ್ಲಿ ತಲೆಬರಹ ಕಾದಿದೆ. ನಾನು ಕರಿಯಮ್ಮನ ಕಡೆ ನೋಡುತ್ತೇನೆ. ಅವರು ನನ್ನನ್ನು ನೋಡುತ್ತಿಲ್ಲ, ತೊಡೆಯ ಮೇಲಿನ ಖಾಲಿ ಅಂಗೈ ನೋಡುತ್ತಿದ್ದಾರೆ.

ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಗುತ್ತಿರುವ ಹಾಗಿದೆ.

"ಇಲ್ಲ" ಅನ್ನುತ್ತೇನೆ. ಸಾಲದು ಅನಿಸಿ, ಆ ಬಂಡೆಗೆಲ್ಲ ಕೇಳುವಂತೆ ಇನ್ನೊಮ್ಮೆ. "ಇಲ್ಲ ಅಣ್ಣ. ಅಕ್ಕ ಅಂದಿಲ್ಲ."